ಒಂದು ಬೆರಳು ಗಿಡ್ಡ

ಸತ್ತು ಮಣ್ಣಾದ ಮೆಲಿನ್ನಾಳ ಮುಖ ಗ್ರೀಕರ ತನಾಗ್ರ ಊರಿನ ಸಂತೆಯಲ್ಲಿ ಮಾರಾಟಕ್ಕಿತ್ತು—ಒಂದಲ್ಲ, ಹನ್ನೆರಡು ಗೊಂಬೆಗಳ ಮೇಲೆ!

ಅವಳಪ್ಪ ಕಫಿಸಿಯಸ್ ಊರಿಗೆಲ್ಲ ಹೆಸರಾದ ಮಣ್ಣಿನ ಗೊಂಬೆಯವನು. ಮಗಳು ಜ್ವರ ಹಿಡಿದು ಮಲಗಿದಾಗ, ವಾಸಿಯಾಗಲೆಂದು ದೇವಿಗೆ ಒಪ್ಪಿಸಲು ಅವಳದೇ ಮುಖದ ಗೊಂಬೆ ಮಾಡಿದ್ದ. ಒಂದೇ ಒಂದು. ಒಪ್ಪಿಸುವ ಮೊದಲೇ ಹುಡುಗಿ ಕಣ್ಣು ಮುಚ್ಚಿದಳು. ಗೊಂಬೆಯನ್ನೂ ಅವಳ ಜೊತೆಗೇ ಮಣ್ಣು ಮಾಡುವುದೆಂದಾಯಿತು. ತಲೆಯ ಅಚ್ಚನ್ನು ಒಡೆದುಹಾಕಲು ಅಪ್ಪ ತಾನು ದುಡ್ಡು ಕೊಟ್ಟು ಕೊಂಡಿದ್ದ ಆಳು ಬಿಥಿಸನಿಗೆ ಹೇಳಿದ್ದ.

ಒಡೆದನೇ? ನೋಡಿದವರಿಲ್ಲ.

ಈಗ ಕಫಿಸಿಯಸನ ಕೆಲಸದ ಮನೆಯಲ್ಲಿ ಬಿಥಿಸನನ್ನು ಕೈ ಕಟ್ಟಿ ನಿಲ್ಲಿಸಿದ್ದರು. ಅಚ್ಚು ಕದ್ದಿದ್ದಾನೆ, ಬೆಳ್ಳಿ ಗಣಿಗೆ ಮಾರಿಬಿಡೋಣ ಎಂದು ಎಲ್ಲರಿಗಿಂತ ಜೋರಾಗಿ ಕೂಗಾಡುತ್ತಿದ್ದವನು ಅಳಿಯ ದಾಮೋನ್. ಗಣಿಗಿಳಿದ ಆಳು ಜೀವಂತ ಮೇಲೆ ಬಂದದ್ದುಂಟೇ?

ಕಫಿಸಿಯಸನ ಅಕ್ಕ ನಿಕಿಪ್ಪೆ ಮಾತ್ರ ಸಂತೆಯಿಂದ ತಂದ ಗೊಂಬೆಯೊಂದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಗೊಂಬೆಗಳಿಗೆ ಬಣ್ಣ ಹಾಕುವವಳು ಅವಳು. ದಾಮೋನ್ ಅವಳ ಮಗ. ತಮ್ಮನ ಮಗಳನ್ನೇ ಸೊಸೆಯಾಗಿ ತಂದುಕೊಂಡಿದ್ದಳು. ಆ ಗೊಂಬೆಯನ್ನು, ಹಲಗೆಯ ಮೇಲೆ ತಮ್ಮ ಮಾಡಿಟ್ಟಿದ್ದ ಇನ್ನೊಂದು ಗೊಂಬೆಯ ಪಕ್ಕ ನಿಲ್ಲಿಸಿದಳು.

“ತಮ್ಮಾ, ಮೆಲಿನ್ನಾ ಗೊಂಬೆಗೆ ಮೈ ಯಾವ ಅಚ್ಚಿಂದು?”

“ಇದೇ, ಸೆರಗು ಹೊದ್ದವಳದ್ದು. ತಲೆ ಮಾತ್ರ ಬೇರೆ. ಯಾಕಕ್ಕ?”

“ಸೆರಗಿನ ಮಡಿಕೆ ಮಡಿಕೆನೂ ಅದೇ. ಆದ್ರೆ ಈ ಸಂತೆ ಗೊಂಬೆ ಯಾಕೆ ಒಂದು ಬೆರಳು ಗಿಡ್ಡ?”

ಕಫಿಸಿಯಸ್ ಎರಡೂ ಗೊಂಬೆಗಳ ಎತ್ತರವನ್ನು ಬೆರಳಿಟ್ಟು ಅಳೆದ. ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಉಳಿದವರಿಗೆ ನಿಕಿಪ್ಪೆ ಹೇಳಿದಳು. ನಮ್ಮ ಅಚ್ಚನ್ನೇ ಕದ್ದಿದ್ದರೆ ಗೊಂಬೆ ಅಷ್ಟೇ ಎತ್ತರ ಬರಬೇಕು. ಸುಟ್ಟ ಗೊಂಬೆಗೆ ಹಸಿಮಣ್ಣು ಒತ್ತಿ ಹೊಸ ಅಚ್ಚು ತೆಗೆದರೆ, ಒಣಗಿ ಸುಡುವಷ್ಟರಲ್ಲಿ ಮಣ್ಣು ಕುಗ್ಗುತ್ತದೆ. ಇಲ್ಲಿ ಮೈಯಷ್ಟೇ ಅಲ್ಲ, ತಲೆಯೂ ಕುಗ್ಗಿದೆ; ಇವು ಗೋರಿಯಲ್ಲಿರಬೇಕಾದ ಗೊಂಬೆಯಿಂದಲೇ ಹುಟ್ಟಿದವು. ಗೋರಿಯನ್ನು ಯಾರೂ ಅಗೆದಿಲ್ಲ. ನಿನ್ನೆ ತಾನೇ ಅವಳು ಹಾಲೆರೆದು ಬಂದಿದ್ದಳು.

“ಆ ಗೊಂಬೇನ ಸುಡೋ ಗೂಡಿಂದ ತೆಗೆದೋಳು ನಾನು, ಬಣ್ಣ ಹಾಕಿ ನನ್ನ ಪೆಟ್ಟಿಗೇಲಿ ಇಟ್ಟೋಳು ನಾನು. ಗುಂಡಿ ಹತ್ರ, ಅವಳ ಕೈಲಿಡು ಅಂತ ಕೊಟ್ಟಿದ್ದು ನಿಂಗೆ. ಇಟ್ಯಾ, ದಾಮೋನ್?”

ದಾಮೋನ್ ನೆಲ ನೋಡಿದ. “ಅಂಥಾ ಗೊಂಬೆ ಮಣ್ಣಿಗೆ ಹಾಕಿ ಏನ್ ಸಿಗ್ತಿತ್ತಮ್ಮ?”

ಥೂ! ಕಟ್ಟಿಕೊಂಡವಳ ಹೆಣ ಎದುರಿಗಿತ್ತಲ್ಲ!

“ಆಳಿನ ಕಟ್ಟು ಬಿಚ್ಚು ತಮ್ಮಾ,” ಎಂದಳು ನಿಕಿಪ್ಪೆ. “ಕಳ್ಳ ನನ್ನ ಹೊಟ್ಟೇಲಿ ಹುಟ್ಟಿದೋನು.”

ಬಿಚ್ಚಿದರು. ತಪ್ಪಾಯಿತು ಎಂದು ಬಿಥಿಸನಿಗೆ ಒಬ್ಬರೂ ಅನ್ನಲಿಲ್ಲ. ದಾಮೋನ್ ಆಳಲ್ಲ, ಊರಿನವನು. ಅವನನ್ನು ಗಣಿಗೆ ಮಾರುವಂತಿರಲಿಲ್ಲ. ಹೊತ್ತಿಗೆ ಸರಿಯಾಗಿ ಅಮ್ಮನ ಮನೆಗೆ ಉಣ್ಣಲು ಬಂದ. ನಿಕಿಪ್ಪೆ ಬಾರ್ಲಿ ರೊಟ್ಟಿಯನ್ನು ಅವನ ಮುಂದಿಟ್ಟಳು—ಸತ್ತವರಿಗೆ ಎಡೆ ಇಡುವ ಹಾಗೆ, ಮುಖ ನೋಡದೆ.