ಮೂರು ಕಂಚಿನ ಮುಚ್ಚಳ

ಬಹಳ ಕಾಲದ ಹಿಂದೆ, ಮಣಿತೀರವೆಂಬ ರಾಜ್ಯದಲ್ಲಿ ಒಂದು ಪಾಳುಬಾವಿಯಿತ್ತು. ಅದರೊಳಗೆ ಧೂಮಜಂಘನೆಂಬ ಮಾಂತ್ರಿಕ ಹೊಗೆಯಾಗಿ ವಾಸವಿದ್ದ. ಹೊಗೆ ಮೇಲೆದ್ದು ಯಾರನ್ನು ಸುತ್ತಿದರೂ ಅವರ ದನಿ ಅವನದಾಗುತ್ತಿತ್ತು. ಅರಮನೆಯ ಕಮ್ಮಾರರನ್ನೆಲ್ಲ ಅವನು ಬಾವಲಿಗಳಾಗಿಸಿ ಕುಲುಮೆಯ ಜಂತಿಗೆ ನೇತುಹಾಕಿದ್ದ.

ರಾಜ ತನ್ನ ಯಂತ್ರಶಿಲ್ಪಿ ಭಾನುಕೀರ್ತಿಯನ್ನು ಕರೆದ. "ಬಾವಿಯ ಬಾಯಿಕಲ್ಲು ನಿಂತ ನೀರಿನಷ್ಟು ಸಮ. ಕೂದಲೆಳೆಯ ಸಂದೂ ಬಿಡದ ಮುಚ್ಚಳ ಮಾಡು."

ಭಾನುಕೀರ್ತಿ ನಕ್ಷೆ ಬರೆಯುವುದರಲ್ಲಿ ಪ್ರವೀಣ, ಅರ ಹಿಡಿದವನಲ್ಲ. ಸಭೆಯಲ್ಲಿ ಹಾಗೆನ್ನಲು ನಾಚಿ, "ಆಗಲಿ ಪ್ರಭು" ಎಂದುಬಿಟ್ಟ.

ಮನೆಯ ಉಗ್ರಾಣ ಬರಿದು ಮಾಡಿ ಕುಲುಮೆ, ಅಡಿಗಲ್ಲು, ಅರ, ಉಳಿ ಹೂಡಿದ. ಹೆಂಡತಿ ಚಂದಲೆ ಅಕ್ಕಿಯ ಗುಡಾಣ ಹೊತ್ತು ಹೊರಬಂದಳು. "ಅಕ್ಕಿ ಮಲಗುವ ಕೋಣೆಗೆ, ನಾವು ಅಂಗಳಕ್ಕೋ?" ಎಂದಳು. ಅವನು ಬಾಗಿಲು ಹಾಕಿಕೊಂಡ. ಬೊಬ್ಬೆಯೆದ್ದ ಕೈಯನ್ನು ಬೀದಿಯವರು ಕಾಣಬಾರದಲ್ಲ.

ಎರಡು ಕಂಚಿನ ಮುಚ್ಚಳ ಎರಕ ಹೊಯ್ದು, ಒಂದರ ಮೇಲೊಂದಿಟ್ಟು ಉಜ್ಜಿದ. ನಡುವೆ ದೀಪದ ಬೆಳಕೂ ತೂರಲಿಲ್ಲ. "ಇಷ್ಟು ಹೊಂದಿದ ಮೇಲೆ ತಪ್ಪೆಲ್ಲಿ?" ಎಂದು ಬೀಗಿದ.

ಊರೆಲ್ಲ ನೋಡುತ್ತಿರಲು ಮೊದಲನೆಯದನ್ನು ಬಾವಿಗಿಟ್ಟ. ಅದು ತೊಟ್ಟಿಲಂತೆ ತೂಗಿತು. ಹೊಗೆ ನುಸುಳಿ ಡಂಗುರದವನ ದನಿ ಕದ್ದಿತು. "ಜೋಗುಳ ಹಾಡೋ ಶಿಲ್ಪಿ" ಎಂದಿತು, ಡಂಗುರದವನದೇ ದನಿಯಲ್ಲಿ. ಜನ ನಕ್ಕರು. ಅವನು ಮುಚ್ಚಳವನ್ನು ಹಿತ್ತಿಲಲ್ಲಿ ಹೂತ.

"ಕದ್ದ ಮಾಲೇನ್ರೀ, ಹೂಳೋಕೆ?" ಎಂದಳು ಚಂದಲೆ.

ಎರಡನೆಯದನ್ನು ಅವಳೂ ಒಂದು ತುದಿ ಹಿಡಿದು ತಂದಳು. ಅದು ಮಗುಚಿಟ್ಟ ಹೆಂಚಿನಂತೆ ಎರಡು ಬದಿಯಲ್ಲಿ ಸಂದು ಬಿಟ್ಟಿತು. ಹೊಗೆ ಚಂದಲೆಯನ್ನು ಸುತ್ತಿತು. "ಇನ್ನೊಂದು ಸಲ ಸೋತರೆ ಊರಿನ ದನಿಯೆಲ್ಲ ನನ್ನದು" ಎಂದಿತು, ಅವಳ ದನಿಯಲ್ಲಿ.

ಅದನ್ನೂ ಹೂತ. ಅವಳು ಹಂಗಿಸಲಿ ಎಂದು ಕಾದ, ಮನೆ ಮೌನವಾಗಿತ್ತು. ತಲೆಯೆತ್ತಲಾರದೆ, ಬಾಗಿಲು ಹಾಕಿಕೊಂಡು ಮೂರನೆಯ ಮುಚ್ಚಳ ಎರಕ ಹೊಯ್ದು ಉಜ್ಜತೊಡಗಿದ.

ಒಂದು ಬೆಳಿಗ್ಗೆ ಬೀದಿಯಲ್ಲಿ ಗದ್ದಲ ಕೇಳಿಸಿತು. ಚಂದಲೆ ಹೂತ ಮುಚ್ಚಳಗಳನ್ನು ಅಗೆದು ತೊಳೆದು, ಹೊಸ್ತಿಲಿಗೆ ಬಳಿಯುವ ಕೆಂಪು ಕಾವಿಯನ್ನು ಬಳಿದು, ಜಗಲಿಯ ಮೇಲೆ ಎಲ್ಲರಿಗೂ ಕಾಣುವಂತೆ ಹರವಿದ್ದಳು. ನಾಚಿಕೆಯಿಂದ ಉರಿದುಹೋದ ಭಾನುಕೀರ್ತಿ ಓಡಿಬಂದು, ಕೈಯಲ್ಲಿದ್ದ ಮೂರನೆಯದನ್ನೇ ಮೊದಲನೆಯದರ ಮೇಲೆ ಮುಚ್ಚಿದ. ಎರಡನೆಯದನ್ನೂ ಮರೆಮಾಡಲೆಂದು ಎತ್ತಿದಾಗ, ಮೂರನೆಯದಕ್ಕೆ ಕಾವಿ ನಡುವೆ ಮಾತ್ರ ಹತ್ತಿತ್ತು. ಅದನ್ನು ಒರೆಸಿ ಎರಡನೆಯದರ ಮೇಲಿಟ್ಟ. ಅಂಚಿಗೆ ಮಾತ್ರ ಹತ್ತಿತು.

ಅವನು ಅಲ್ಲೇ ಕುಳಿತ. "ಒಂದು ಉಬ್ಬಿದೆ, ಇನ್ನೊಂದು ತಗ್ಗಿದೆ. ಎರಡು ತಪ್ಪುಗಳು ಒಂದನ್ನೊಂದು ಒಪ್ಪಿಕೊಂಡಿದ್ದವು, ಚಂದಲೆ."

ಬಾಗಿಲು ಹಾಕಲು ಅವಳು ಬಿಡಲಿಲ್ಲ. ಜಗಲಿಯ ಮೇಲೆಯೇ ಮೂರನ್ನೂ ಸರದಿಯಂತೆ ಒಂದರ ಮೇಲೊಂದಿಟ್ಟು, ಕಾವಿ ಹತ್ತಿದಲ್ಲಿ ಕೆರೆದ. ಮಕ್ಕಳು ಅವನ ಬೊಬ್ಬೆ ಎಣಿಸಿದರು. ಯಾವುದನ್ನು ಯಾವುದರ ಮೇಲಿಟ್ಟರೂ ಮೈತುಂಬ ಕೆಂಪು ಹತ್ತುವವರೆಗೆ ಬಿಡಲಿಲ್ಲ.

ಮೂರನೆಯದನ್ನು ಬಾವಿಗಿಟ್ಟಾಗ ಅದು ಕಲ್ಲಿಗೆ ಕಚ್ಚಿಕೊಂಡಿತು. ಒಳಗೆ ಹೊಗೆ ಸುತ್ತಿತು, ತಡಕಿತು, ಸಂದು ಸಿಗದೆ ಮಸಿಯಾಗಿ ಉದುರಿತು. ಬಾವಲಿಗಳು ಕಮ್ಮಾರರಾಗಿ ಜಂತಿಯಿಂದ ದೊಪ್ಪನೆ ಬಿದ್ದರು. ಕದ್ದ ದನಿಗಳು ಮನೆಮನೆಗೆ ಮರಳಿದವು.

ಚಂದಲೆ ಗಂಟಲು ಸರಿಮಾಡಿಕೊಂಡಳು. "ರೀ, ನನ್ನ ಉಗ್ರಾಣ?"

"ಜಗಲಿ ಸಾಕು ನನಗೆ" ಎಂದ.

ಮಣಿತೀರದವರು ನೂರು ವರ್ಷ ಹಾಡಿ, ಹರಟಿ, ಜಗಳವಾಡಿ ಸುಖವಾಗಿದ್ದರು. ಯಾರಾದರೂ ಕೆಲಸ ನೋಡಲು ಬಂದರೆ ಭಾನುಕೀರ್ತಿ ಮೊದಲು ಕೆಟ್ಟುಹೋದದ್ದನ್ನೇ ತೋರಿಸುತ್ತಿದ್ದ. ತೋರಿಸುವಾಗ, ಮುಪ್ಪಿನಲ್ಲೂ, ಅವನ ಕಿವಿ ಕೆಂಪಾಗುತ್ತಿತ್ತು.