ಬೆಚ್ಚಗಿನ ಬಿಳಿ ಬೂಟು

ನಮ್ಮ ಶಾಲೆಯಲ್ಲಿ ಹೊರಗಿನ ಬೂಟನ್ನು ಬಾಗಿಲಲ್ಲೇ ಬಿಟ್ಟು, ಹೆಸರು ಬರೆದ ಬಿಳಿ ಬೂಟು ಹಾಕಿಕೊಳ್ಳಬೇಕು. ಆ ಮಧ್ಯಾಹ್ನ ಮೈದಾನದಿಂದ ಓಡಿಬಂದ ಅವಸರದಲ್ಲಿ ನಾನು ಹಾಕಿಕೊಂಡದ್ದು ಕೊಹಾರುವಿನದು. ತರಗತಿಯ ಚೆಲುವೆ ಅವಳು. ಅವಳನ್ನು ಕಂಡು ನಾನು ಹೊಟ್ಟೆ ಉರಿದುಕೊಳ್ಳದ ದಿನವಿರಲಿಲ್ಲ. ಯಾರೋ ಆಗಷ್ಟೇ ಕಾಲು ತೆಗೆದಂತೆ ಬೂಟು ಬೆಚ್ಚಗಿತ್ತು.

ಕಿಟಕಿಯ ಗಾಜಿನಲ್ಲಿ ನನ್ನ ಮುಖದ ಬದಲು ಅವಳ ಮುಖ ಕಂಡಿತು. ಎದುರಿಗೆ ನನ್ನದೇ ದಪ್ಪ ಮೈ, ನನ್ನ ಬೂಟು ಹಾಕಿಕೊಂಡು, ಶುಚಿ ಮಾಡುವ ಪಾಳಿಯಲ್ಲಿ ನೆಲ ಒರೆಸುತ್ತ ನಕ್ಕಿತು.

"ನನ್ ಮುಖ ಬೇಕಿತ್ತಲ್ವೇನೇ ಚಿಝು? ಇಟ್ಕೋ. ನಿಮ್ಮಮ್ಮ ಕಟ್ಕೊಡೋ ಬುತ್ತಿ ಇನ್ಮೇಲೆ ನಂಗೆ."

"ಬುತ್ತೀನೂ ನಂದು, ಮೈಯೂ ನಂದು. ಬಿಚ್ಚೇ ಬೂಟು!"

ಅವಳ ಕಾಲಿನಿಂದ ನನ್ನ ಬೂಟು ಕಿತ್ತು ಹಾಕಿಕೊಂಡೆ. ನನ್ನ ಮೈ ನನಗೆ ಮರಳಿತು.

ಇವತ್ತಿಗೂ ಬೆಳಿಗ್ಗೆ ನಾನು ಕಾಲಿಡುವ ಮೊದಲೇ ನನ್ನ ಬೂಟು ಬೆಚ್ಚಗಿರುತ್ತದೆ. ಯಾರು ಕಾಲಿಟ್ಟು ನೋಡಿದ್ದೆಂದು ನನಗೆ ಗೊತ್ತು. ಇರಲಿ. ಹಿಮ್ಮಡಿ ಕುಟ್ಟಿ ಹಾಕಿಕೊಳ್ಳುತ್ತೇನೆ.