ಹೆಣ್ಣುಮಕ್ಕಳಿಗೆ ಹೆಸರಿಲ್ಲದ ರಾಜ್ಯ

ಬಹಳ ಬಹಳ ಹಿಂದೆ ಕೆಂಜೇಡಿ ಎಂಬ ರಾಜ್ಯವಿತ್ತು. ಅಲ್ಲಿನ ಬೆಟ್ಟದ ಗವಿಯಲ್ಲಿ ಕಾಳಗೋರನೆಂಬ ಮಾಂತ್ರಿಕನಿದ್ದ. ಮುಸ್ಸಂಜೆಯಾದರೆ ಅವನು ಯಾವಳಾದರೊಬ್ಬ ಹುಡುಗಿಯ ಹೆಸರು ಹಿಡಿದು ಕರೆಯುತ್ತಿದ್ದ. ಕರೆ ಕೇಳಿದವಳು ಉಣ್ಣುವ ತಟ್ಟೆ ಬಿಟ್ಟು ಎದ್ದು ನಡೆದುಬಿಡುತ್ತಿದ್ದಳು. ಗವಿ ಸೇರಿದವಳು ಕಲ್ಲಾಗುತ್ತಿದ್ದಳು. ಕಣ್ಣು ಮಾತ್ರ ಹೊರಳುತ್ತಿದ್ದವು.

ರಾಜ ಪುಕ್ಕಲ. ಹೆಸರಿದ್ದರೆ ತಾನೇ ಕರೆಯುವುದು ಎಂದುಕೊಂಡು, ಹೆಣ್ಣುಮಕ್ಕಳಿಗೆ ಹೆಸರೇ ಇಡಕೂಡದೆಂದು ಡಂಗುರ ಹೊಡೆಸಿದ. ಎಂಥ ಬುದ್ಧಿವಂತ ನೋಡಿ! ಕಾಳಗೋರ ಸುಮ್ಮನೆ, "ಏ ಹುಡುಗೀ" ಎಂದ. ಹೆಸರಿಲ್ಲದವರೆಲ್ಲ ತಮ್ಮನ್ನೇ ಕರೆದದ್ದೆಂದು ತಲೆಯೆತ್ತಿದರು. ಹಿಂದೆ ಒಬ್ಬಳು ಹೋಗುತ್ತಿದ್ದಳು, ಈಗ ಇಡೀ ಬೀದಿಯೇ ಬರಿದಾಯಿತು. ಅಂದಿನಿಂದ ತಾಯಂದಿರು ಸಂಜೆಗೆ ಮಕ್ಕಳ ಕಿವಿಗೆ ಹತ್ತಿ ತುರುಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು.

ಕುಂಬಾರ ಸಿಂಗಯ್ಯನ ದೊಡ್ಡ ಮಗಳು ಹಾಗೆಯೇ ಹೋಗಿದ್ದಳು. ಉಳಿದವಳು ಹಾಲುಹಲ್ಲು ಬೀಳುತ್ತಿದ್ದ ಚಿಕ್ಕವಳೊಬ್ಬಳೇ. ಆಗ ಪರರಾಜ್ಯಕ್ಕೆ ಕೊಟ್ಟಿದ್ದ ಅವನ ಅಕ್ಕ ಮಾಳವ್ವ ತವರಿಗೆ ಬಂದಳು.

"ಹೆಸರಿಲ್ಲ ಅಂದ್ರೇನೋ ತಮ್ಮಾ? ಕೂಸಿನ ಕಿವಿಯಲ್ಲಿ ಹೆಸರು ಹೇಳೋಳು ಸೋದರತ್ತೆ. ನಾನೇನು ಸತ್ತುಹೋಗಿದ್ದೆನಾ?"

"ಮೆಲ್ಲಗೆ ಮಾತಾಡಕ್ಕಾ, ಅವನಿಗೆ ಕೇಳಿಸುತ್ತೆ!"

"ಕೇಳಲಿ. ಅವನ ನಾಲಿಗೆಗೆ ದಕ್ಕದಂಥ ಗಟ್ಟಿ ಹೆಸರಿಡ್ತೀನಿ."

ಮಾಳವ್ವ ಮೊದಲು ಪುರಾಣದಿಂದ ಆರಿಸಿದಳು. ಉರಿಯೊಳಗಿಂದ ಎದ್ದುಬಂದ ದೇವಿಯ ಹೆಸರು, ದೀಪ್ತಮಾಲೆ. ಮಾಳವ್ವ ಹುಡುಗಿಯ ಕಿವಿಯಲ್ಲಿ ಹೆಸರು ಹೇಳಿದಳು, ಸುತ್ತ ನಿಂತ ಹೆಂಗಸರು ವಾಡಿಕೆಯಂತೆ ಸೋದರತ್ತೆಯ ಬೆನ್ನಿಗೆ ಗುದ್ದಿದರು. ಸಂಜೆಯಾಯಿತು.

"ದೀಪ್ತಮಾಲೇ," ಗಾಳಿಯಲ್ಲಿ ದನಿ ಬಂತು, "ಕೊನೆಗೆ ನೀನು ಬೆಂಕಿಗೇ ಮರಳಿದವಳಲ್ಲವೇ? ಬಾ."

ಹುಡುಗಿ ಕಿವಿಯ ಹತ್ತಿ ಕಿತ್ತೆಸೆದು ಅಪ್ಪನ ಆವಿಗೆಯ ಕಡೆ ನಡೆದಳು. ಮಡಕೆ ಬೇಯುವ ಬೆಂಕಿ ಅಲ್ಲಿ ಧಗಧಗ ಉರಿಯುತ್ತಿತ್ತು. ಸಿಂಗಯ್ಯ ಓಡಿಬಂದು ಹಿಡಿದೆಳೆಯುವಷ್ಟರಲ್ಲಿ ಜಡೆಯ ತುದಿ ಸುಟ್ಟುಹೋಯಿತು.

ಮಾಳವ್ವ ಎರಡನೆಯದನ್ನು ಕಾವ್ಯದಿಂದ ಆರಿಸಿದಳು. ಹಾಡಿ ಹಾಡಿ ರಾಜರೇ ಅಳುವಂತೆ ಮಾಡಿದ ನಾಯಕಿಯ ಹೆಸರು, ಮಂಜುಘೋಷೆ. ಮತ್ತೆ ಸಂಜೆಯಾಯಿತು.

"ಮಂಜುಘೋಷೇ, ಕೊನೆಗೆ ನೀನು ಕೊಳಕ್ಕಿಳಿದವಳಲ್ಲವೇ? ಬಾ."

ಹುಡುಗಿ ಬಾವಿಗೆ ನಡೆದಳು. ಒಂದು ಕಾಲು ಕಟ್ಟೆ ದಾಟಿತ್ತು, ಅತ್ತೆ ಲಂಗ ಹಿಡಿದು ಜಗ್ಗಿದಳು.

ಕಾಳಗೋರನಿಗೆ ಎಲ್ಲ ಕತೆಗಳ ಕೊನೆಯೂ ಗೊತ್ತಿತ್ತು.

"ಸಾಕು ಮಾಡಕ್ಕಾ," ಸಿಂಗಯ್ಯ ಕೈಮುಗಿದ. "ಇರೋದು ಇದೊಂದೇ. ಇದನ್ನಾದರೂ ಉಳಿಸಿಕೊಡು."

ಮಾಳವ್ವನಿಗೂ ಭಯ ಹತ್ತಿತು. ಆದರೆ ಹೆಸರಿಲ್ಲದೆ ಬಿಟ್ಟರೂ ಮಗು ಉಳಿಯುವುದಿಲ್ಲ. ಊರಂಚಿನ ಪಾಳುಕೋಟೆಯನ್ನು ಹಿಂದೊಮ್ಮೆ ಒಂಟಿಯಾಗಿ ಕಾದ ಕಲಿಯಬ್ಬೆ ಅವಳಿಗೆ ನೆನಪಾದಳು. ಹೆಸರು ಹೇಳಲು ಬಗ್ಗಿದಾಗ ಹುಡುಗಿ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು.

"ಆ ಹೆಸರಿನವಳು ಯಾರು ಅತ್ತೆ? ಮೊದಲು ಅದನ್ನು ಹೇಳು."

"ಕೋಟೆ ಬಾಗಿಲಲ್ಲಿ ನಿಂತು ಒಂದು ದಂಡನ್ನೇ ತಡೆದಳು ಕಂದಾ."

"ಆಮೇಲೆ?"

"ಆಮೇಲೆ ಏನಿಲ್ಲ."

"ಸತ್ತಳಾ?"

ಮಾಳವ್ವ ತಲೆ ತಗ್ಗಿಸಿದಳು. ಮಕ್ಕಳ ಮುಂದೆ ಸಾವಿನ ಮಾತೇಕೆಂದು ಅವಳು ಎಲ್ಲ ಕತೆಗಳ ಕೊನೆಯನ್ನೂ ನುಂಗಿಕೊಂಡಿದ್ದಳು. ಈ ಸಲ ಪೂರ್ತಿ ಹೇಳಿದಳು.

"ಗೋಡೆಯಿಂದ ಬಿದ್ದು ಸತ್ತಳು."

"ಅವಳಿಗೆ ಹೆದರಿಕೆ ಆಗಲಿಲ್ವಾ?"

"ಆಗಿತ್ತಂತೆ. ಆದರೂ ಕೋಟೆ ಬಿಟ್ಟು ಕದಲಲಿಲ್ಲ."

"ಹಾಗಾದ್ರೆ ಅದೇ ಹೆಸರಿರಲಿ ಅತ್ತೆ. ನನಗೂ ಹೆದರಿಕೆ."

ಆ ಸಂಜೆ ಕಾಳಗೋರ ತಾನೇ ಇಳಿದು ಬಂದ. ಅವನಿಗೆ ಕಣ್ಣಿಲ್ಲ, ಮೂಗಿಲ್ಲ, ಮುಖದ ತುಂಬ ಬರೀ ಬಾಯಿ. ಊರಿನವರ ಕಾಲು ನೆಲಕ್ಕೆ ಅಂಟಿಕೊಂಡವು. ಯಾರಿಗೂ ಅಲುಗಾಡಲಾಗಲಿಲ್ಲ.

"ಕಲಿಯಬ್ಬೇ, ಗೋಡೆ ಹತ್ತು. ಬೀಳು."

ಹುಡುಗಿಯ ಕಾಲು ತಾನಾಗಿ ನಡೆಯಿತು. ಅವಳು ಪಾಳುಕೋಟೆಯ ಗೋಡೆ ಹತ್ತಿದಳು. ಅಂಚಿಗೆ ಬಂದಳು. ಮಾಳವ್ವ ಕಣ್ಣು ಮುಚ್ಚಿಕೊಂಡಳು.

"ಬಿದ್ದವಳು ಅವಳು," ಮೇಲಿಂದ ನಡುಗುವ ದನಿ ಕೇಳಿತು. "ಅವಳ ಕೊನೆ ನನಗೂ ಗೊತ್ತು. ನಾನಿನ್ನೂ ಏನೂ ಮಾಡೇ ಇಲ್ಲ. ನನ್ನ ಕೊನೆ ಏನು? ಗೊತ್ತಿದ್ದರೆ ಹೇಳು ನೋಡೋಣ."

ಕಾಳಗೋರ ಬಾಯಿ ತೆರೆದ. ಮಾತು ಹೊರಡಲಿಲ್ಲ. ಇನ್ನೂ ತೆರೆದ, ಮತ್ತೂ ತೆರೆದ. ತೆರೆದ ಬಾಯಿ ಅವನನ್ನೇ ನುಂಗಿಬಿಟ್ಟಿತು. ಅಲ್ಲಿಗೆ ಅವನ ಪೀಡೆ ತೊಲಗಿತು.

ಊರಿಗೆ ಊರೇ ಗವಿಗೆ ಓಡಿತು. ಸೋದರತ್ತೆಯರು ಒಂದೊಂದು ಕಲ್ಲಿನ ಕಿವಿಯಲ್ಲೂ ಹೆಸರು ಹೇಳಿ, ಅದರ ಹಿಂದಿನ ಕತೆಯನ್ನೂ ಬಿಡದೆ ಹೇಳಿದರು. ಕಲ್ಲುಗಳು ಮೆತ್ತಗಾದವು, ಕೆಮ್ಮಿದವು, ಅತ್ತವು. ಸಿಂಗಯ್ಯ ದೊಡ್ಡ ಮಗಳನ್ನು ಹೆಗಲ ಮೇಲೆ ಹೊತ್ತುಕೊಂಡ. ಮೂಲೆಯಲ್ಲಿ ಪಾಚಿಗಟ್ಟಿದ ಕಲ್ಲೊಂದು ಉಳಿಯಿತು. ಅದರ ಕಡೆಯವರು ಯಾರೂ ಬದುಕಿರಲಿಲ್ಲ. ಕಲಿಯಬ್ಬೆ ತುದಿಗಾಲಲ್ಲಿ ನಿಂತು ಅದರ ಕಿವಿಗೆ ಬಾಯಿ ಹಚ್ಚಿದಳು.

"ನಿನಗೆ ಯಾವ ಹೆಸರು ಬೇಕು?"

ಕಲ್ಲು ತುಟಿ ಬಿಚ್ಚಿ ತನ್ನ ಹೆಸರನ್ನು ತಾನೇ ಹೇಳಿತು.

ಮುಂದೆ ಕೆಂಜೇಡಿಯಲ್ಲಿ ಎಲ್ಲರೂ ಹೊಟ್ಟೆತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ಸುಖವಾಗಿ ಬಾಳಿದರು. ಮುಸ್ಸಂಜೆಗೆ ತಾಯಂದಿರು ಬಾಗಿಲಲ್ಲಿ ನಿಂತು ಮಕ್ಕಳನ್ನು ಹೆಸರು ಹಿಡಿದು ಕೂಗುತ್ತಿದ್ದರು. ಹುಡುಗಿಯರು, "ಇನ್ನೂ ಸ್ವಲ್ಪ ಆಡಿ ಬರ್ತೀವಿ" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಕರೆದರೂ ಬರಲಿಲ್ಲವೆಂದು ಆ ರಾಜ್ಯದಲ್ಲಿ ಯಾವ ತಾಯಿಯೂ ಮಗಳನ್ನು ಬೈಯಲಿಲ್ಲ.